ಗಾಜಿನ ಕೋಣೆಯ ಕುರ್ಚಿ

ಗಾರ್ಮೆಂಟ್ಸ್ ಕಾರ್ಖಾನೆಯ ಮ್ಯಾನೇಜರ್ ಹೊಂಬಾಳಮ್ಮನನ್ನು ಚೆಕಿಂಗ್ ವಿಭಾಗದ ಗಾಜಿನ ಕೋಣೆಗೆ ಕರೆಸಿದ್ದರು. ಬಾಗಿಲು ಮುಚ್ಚಿದೊಡನೆ ನೂರಾರು ಹೊಲಿಗೆ ಮೆಷಿನ್‌ಗಳ ಸದ್ದು ಹೊರಗೇ ಉಳಿಯಿತು. ಒಳಗೆ ಫ್ಯಾನು ತಿರುಗುವುದೂ ಕೇಳುತ್ತಿತ್ತು.

“ನೋಡಮ್ಮ, ಸೋಮವಾರದಿಂದ ಈ ಕುರ್ಚಿ ನಿಮ್ದು. ಹೊಲಿದು ಬಂದ ಶರ್ಟ್ ನೋಡಿ ಪಾಸ್ ಮಾಡಿದ್ರಾಯ್ತು. ಸಂಬಳಾನೂ ಜಾಸ್ತಿ.”

“ಬೇಡ ಸಾರ್. ನಂಗೆ ನನ್ ಮೆಷಿನ್ನೇ ಇರ್ಲಿ.”

“ಯಾಕೆ, ಬರೆಯೋ ಕೆಲ್ಸ ಅಂತ ಭಯಾನಾ? ಕಲಿಸಿಕೊಡ್ತಾರೆ.”

“ಭಯ ಇಲ್ಲ ಸಾರ್.”

“ಮತ್ತೆ? ಪಕ್ಕದ ಮೆಷಿನ್ ಗೆಳತೀನ ಬಿಟ್ಟು ಬರೋಕಾಗಲ್ವಾ? ಹರಟೆಗೆ ಊಟದ ಹೊತ್ತು ಇದೆಯಲ್ಲಮ್ಮ!”

ಮ್ಯಾನೇಜರ್ ನಕ್ಕರು. ಆಕೆ ಸೀರೆಗೆ ಅಂಟಿದ್ದ ದಾರದ ಚೂರುಗಳನ್ನು ಕೀಳುತ್ತ ನಿಂತಳು. ಅವರು ದನಿ ತಗ್ಗಿಸಿದರು.

“ದೊಡ್ಡ ಮಗಳು ತೀರಿಕೊಂಡ ವಾರಕ್ಕೇ ಕೆಲಸಕ್ಕೆ ಬಂದ್ರಿ. ಆಮೇಲೆ ಒಂದೂ ರಜೆ ಹಾಕಿಲ್ಲ. ಓವರ್‌ಟೈಮ್ ಅಂದ್ರೆ ಮೊದಲು ಕೈ ಎತ್ತೋದೇ ನೀವು. ಇಂಥ ನಿಷ್ಠೆ ನಾನು ಎಲ್ಲೂ ನೋಡಿಲ್ಲ. ಮೀಟಿಂಗಿನಲ್ಲಿ ಎಲ್ರಿಗೂ ನಿಮ್ಮನ್ನೇ ತೋರಿಸಿ ಹೇಳ್ತೀನಿ. ಅದಕ್ಕೇ ಈ ಬಡ್ತಿ.”

“ಕೈ ಮುಗೀತೀನಿ ಸಾರ್, ನನ್ನನ್ನ ಅಲ್ಲಿಂದ ಎಬ್ಬಿಸ್ಬೇಡಿ.”

“ಆ ಗದ್ದಲದಲ್ಲಿ ಅಂಥದ್ದೇನಮ್ಮ ಇದೆ?”

ಹೊಂಬಾಳಮ್ಮ ಗಾಜಿನಾಚೆ ಖಾಲಿ ಬಿದ್ದಿದ್ದ ತನ್ನ ಮೆಷಿನ್ನಿನ ಕಡೆ ನೋಡಿದಳು.

“ಮನೇಲಿ ಅತ್ರೆ ಚಿಕ್ಕೋಳು ಹೆದರ್ಕೋತಾಳೆ ಸಾರ್. ಅಲ್ಲಾದ್ರೆ ಯಾರಿಗೂ ಕೇಳ್ಸಲ್ಲ.”