ಕೊನೆಯ ಮಡಕೆಯ ಗಾಜು

ಮಧ್ಯಾಹ್ನ ಹನ್ನೆರಡಕ್ಕೆ ಕುಲುಮೆ ಆರಿಸಬೇಕೆಂಬ ಯಜಮಾನರ ಚೀಟಿ ಗಾಜಿನ ಕಾರ್ಖಾನೆಯ ಮೇಸ್ತ್ರಿಯ ಜೇಬಿನಲ್ಲಿತ್ತು. ಅದನ್ನು ಅವನು ನಾಲ್ಕು ಬಾರಿ ಓದಿದ್ದ. ನಾಲ್ಕು ಬಾರಿಯೂ ಅದರಲ್ಲಿ ಅದೇ ಇತ್ತು. ಇಂದು ಆರಿಸಿ ನಾಳೆ ಹೊತ್ತಿಸಲು ಗಾಜಿನ ಕುಲುಮೆ ಮನೆಯ ಒಲೆಯಲ್ಲ. ಒಮ್ಮೆ ತಣ್ಣಗಾದರೆ ಒಳಗೆ ಗಾಜು ಕರಗಿಸುವ ಮಡಕೆ ಸೀಳುತ್ತದೆ, ಇಟ್ಟಿಗೆ ಬಿರಿಯುತ್ತದೆ. ಈ ಕಾಲದಲ್ಲಿ ಅದನ್ನು ಮತ್ತೆ ಕಟ್ಟಿಸುವವರು ಯಾರು? ಹತ್ತೊಂಬತ್ತು ವರ್ಷ ಒಂದು ದಿನವೂ ಆರದ ಬೆಂಕಿಗೆ ಇನ್ನು ಮೂರೂವರೆ ಗಂಟೆಯ ಆಯಸ್ಸಿತ್ತು.

“ಏನು ಭಾವ, ಹರಳೆಣ್ಣೆ ಕುಡಿದೋರ ಥರ ಮುಖ?” ಎಂದಳು ಅವನ ನಾದಿನಿ, ಹೆಂಡತಿಯ ತಂಗಿ. ಊದಿದ ಸೀಸೆಗಳಲ್ಲಿ ಬಿರುಕು ಹುಡುಕುವುದು ಅವಳ ಕೆಲಸ. ಆರು ವಾರದಿಂದ ಸೀಸೆಯೇ ಇರಲಿಲ್ಲ. ಆದರೂ ದಿನವೂ ಬಂದು ತನ್ನ ಮೇಜು ಒರೆಸಿಯೇ ಹೋಗುತ್ತಿದ್ದಳು.

“ಔಷಧಿ ಕಂಪನಿಯೋರಿಗೆ ಸೀಸೆ ಬೇಡ್ವಂತೆ. ಜನ ಕಾಯಿಲೆ ಬೀಳೋದನ್ನೇ ಮುಂದಕ್ಕೆ ಹಾಕಿದಾರೆ,” ಎಂದ ಮೇಸ್ತ್ರಿ.

ಮಾತು ತಮಾಷೆಯದಾದರೂ ಸಂಗತಿ ನಿಜವಾಗಿತ್ತು. ಷೇರುಪೇಟೆ ಕುಸಿದ ವಾರ ಹೆದರಿದ ಜನ ಹೊಸ ಬಟ್ಟೆ ಕೊಳ್ಳುವುದನ್ನು ನಿಲ್ಲಿಸಿದರು; ಬಟ್ಟೆ ಗಿರಣಿ ಮುಚ್ಚಿತು; ಗಿರಣಿಯವರು ಔಷಧಿ ಕೊಳ್ಳಲಿಲ್ಲ; ಔಷಧಿಯವರು ಸೀಸೆ ಕೊಳ್ಳಲಿಲ್ಲ; ಸೀಸೆಯವರು ಈಗ ಹಳೆಯ ಬಟ್ಟೆಗೆ ತೇಪೆ ಹಾಕಿಕೊಳ್ಳುತ್ತಿದ್ದರು. ಭಯವು ಗಾಣದೆತ್ತಿನಂತೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಿತ್ತು; ಎಣ್ಣೆ ಮಾತ್ರ ಒಂದು ತೊಟ್ಟೂ ಇಳಿಯುತ್ತಿರಲಿಲ್ಲ.

“ಮಡಕೇಲಿ ಇನ್ನೂ ಅರ್ಧ ಗಾಜಿದೆಯಲ್ಲ, ಚೆಲ್ಲೋ ಬದಲು ನನಗೊಂದು ಲಾಟೀನಿನ ಗಾಜು ಊದಿಕೊಡಿ,” ಎಂದಳು ನಾದಿನಿ. “ಬಿಲ್ಲು ಕಟ್ಟಿಲ್ಲ ಅಂತ ಕರೆಂಟು ಕಿತ್ತುಹಾಕಿದ ಮೇಲೆ ಅಟ್ಟದಿಂದ ಲಾಟೀನು ಇಳಿಸಿದೀವಿ. ಗಾಜು ಒಡೆದುಹೋಗಿದೆ. ಅಂಗಡಿಯವನನ್ನ ಕೇಳಿದ್ರೆ, ಈ ಕಾಲದಲ್ಲಿ ಅದನ್ನ ಯಾರಮ್ಮ ಮಾಡ್ತಾರೆ ಅಂತ ನಗ್ತಾನೆ.”

ಆ ಕೆಲಸವನ್ನು ಮೇಸ್ತ್ರಿಗೆ ಕಲಿಸಿದವರು ಅವಳ ಅಪ್ಪ, ಅವನ ಮಾವ. ಅವರ ನಂತರ ಅಚ್ಚಿನೊಳಗೆ ಒಂದೇ ಆಕಾರದ ಸೀಸೆ ಊದಿ ಊದಿ ಅವನ ಕೈ ಉಳಿದುದೆಲ್ಲವನ್ನೂ ಮರೆತಿತ್ತು. ಊದುವ ಕೊಳವೆಯ ತುದಿಗೆ ಕರಗಿದ ಗಾಜಿನ ಉಂಡೆ ಹತ್ತಿಸಿ, ತಿರುಗಿಸುತ್ತ, ಊದಿದ. ಮೊದಲನೆಯದು ಸೋರೆಕಾಯಿಯಾಯಿತು.

“ಅಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ರು.”

“ನಿಮ್ಮಪ್ಪ ಮೊದಲನೆ ದಿನ ಊದಿದ್ದು ಕುಂಬಳಕಾಯಿ, ಗೊತ್ತಾ? ಸುಮ್ನಿರು.”

ಎರಡನೆಯದರ ನಡು ಹದವಾಗಿ ಉಬ್ಬಿತು, ಕತ್ತು ನೀಳವಾಯಿತು. ಅದನ್ನು ತಣಿಸುವ ಗೂಡಿನಲ್ಲಿ ಇಟ್ಟು ಬೆವರು ಒರೆಸಿಕೊಂಡಾಗ ಮೇಸ್ತ್ರಿ ನಗುತ್ತಿದ್ದ.

ಹತ್ತು ಗಂಟೆಗೆ ಕಲ್ಲಿದ್ದಲು ಡಿಪೋದ ಗಾಡಿಯವನು ಬಂದ. ಉರಿಯದೆ ಉಳಿದದ್ದನ್ನು ಹಿಂದಕ್ಕೆ ಒಯ್ಯಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಸಲಿಕೆ ಎತ್ತಿದವನು ಗೂಡಿನೊಳಗೆ ಇಣುಕಿ ಅಲ್ಲೇ ನಿಂತ.

“ಇದು ಲಾಟೀನಿಂದಲ್ವಾ? ನಮ್ಮ ಸಾಲಲ್ಲಿ ಹನ್ನೊಂದು ಮನೆ, ಎಲ್ಲಾ ಡಿಪೋದೋರೇ. ಎಲ್ಲರ ಹತ್ರಾನೂ ಲಾಟೀನಿದೆ, ಒಬ್ಬರ ಹತ್ರಾನೂ ಗಾಜಿಲ್ಲ. ಮಾಡಿಕೊಡ್ತೀರಾ?”

“ಬದಲಿಗೆ ನೀನೇನು ಕೊಡ್ತೀಯಪ್ಪ?” ಎಂದಳು ನಾದಿನಿ.

“ದುಡ್ಡು ಅಂತ ಮಾತ್ರ ಅನ್ಬೇಡಿ ಅಕ್ಕ. ಮೂರು ತಿಂಗಳಿಂದ ಡಿಪೋದಲ್ಲಿ ಎಲ್ಲರಿಗೂ ಸಂಬಳದ ಬದಲು ಕಲ್ಲಿದ್ದಲೇ ಕೊಡ್ತಿದಾರೆ. ಮಂಚದ ಕೆಳಗೂ ಅದೇ, ತೊಟ್ಟಿಲ ಕೆಳಗೂ ಅದೇ. ಇದನ್ನೇ ಹುರಿದು ಬಡಿಸ್ಲಾ ಅಂತಾಳೆ ನನ್ನ ಹೆಂಡ್ತಿ.”

ಮೇಸ್ತ್ರಿಯೂ ನಾದಿನಿಯೂ ಒಬ್ಬರ ಮುಖ ಒಬ್ಬರು ನೋಡಿದರು.

“ಒಂದು ಗಾಜಿಗೆ ಒಂದು ಮೂಟೆ,” ಎಂದ ಮೇಸ್ತ್ರಿ. ಅವನ ದನಿ ಅವನಿಗೇ ಹೊಸದೆನಿಸಿತು.

“ಒಡೆದ ಸೀಸೆ, ಲೋಟ ಇದ್ರೆ ಅದನ್ನೂ ತರೋಕೆ ಹೇಳು. ಕರಗಿಸೋಕೆ ಬೇಕು,” ಎಂದು ನಾದಿನಿ ಕೂಗುವಷ್ಟರಲ್ಲಿ ಅವನು ಖಾಲಿ ಗಾಡಿಯನ್ನೇ ತಿರುಗಿಸಿಕೊಂಡು ಓಡುತ್ತಿದ್ದ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಯಜಮಾನರು ಕಪ್ಪು ಕೋಟು ಹಾಕಿಕೊಂಡು ಕುಲುಮೆಯ ಕೊನೆ ನೋಡಲು ಬಂದರು. ಗೇಟಿನಿಂದಲೇ ಸಾಲು ಶುರುವಾಗಿತ್ತು. ತಲೆಯ ಮೇಲೆ ಮೂಟೆ, ಸೈಕಲ್ಲಿನ ಮೇಲೆ ಮೂಟೆ, ಮಗುವಿನ ತಳ್ಳುಗಾಡಿಯಲ್ಲಿ ಮೂಟೆ, ಮೂಟೆಯ ಮೇಲೆ ಮೂಗಿನ ತುದಿಗೂ ಮಸಿ ಬಳಿದುಕೊಂಡ ಮಗು. ಜನ ಕಲ್ಲಿದ್ದಲು ಸುರಿದು, ಗಾಜು ತಣಿದ ಮೇಲೆ ಒಯ್ಯಲು ನಾದಿನಿಯ ಬಳಿ ಹೆಸರು ಬರೆಸುತ್ತಿದ್ದರು. ಕೆಲಸ ಕಳೆದುಕೊಂಡಿದ್ದ ಆರು ಮಂದಿ ಊದುವವರು ಸುದ್ದಿ ಕೇಳಿ ಓಡಿಬಂದು ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಸಾಲಿನಲ್ಲಿ ಯಾರೋ ಹಾಡು ಎತ್ತಿದರು; ಊದುವವರಿಗೆ ಬಾಯಿ ಬಿಡುವಂತಿರಲಿಲ್ಲ, ಕಾಲಿನಲ್ಲೇ ತಾಳ ಹಾಕಿದರು. ಹನ್ನೆರಡು ಹೊಡೆಯಿತು. ಮೇಸ್ತ್ರಿ ಯಜಮಾನರ ಕಣ್ಣೆದುರಿಗೇ ಕುಲುಮೆಗೆ ಇನ್ನೊಂದು ಸಲಿಕೆ ಕಲ್ಲಿದ್ದಲು ಹಾಕಿದ.

“ಎಷ್ಟು ದಿನಕ್ಕೆ ಬರುತ್ತೆ ಇದು?” ಎಂದು ಯಜಮಾನರು ಕೇಳಿದರು.

“ಈಗ ಬಂದಿರೋದು ನಾಲ್ಕು ದಿನಕ್ಕೆ. ಪಕ್ಕದ ಬೀದಿಯೋರು ಇನ್ನೂ ದಾರೀಲಿದಾರೆ.”

ಯಜಮಾನರು ಕೋಟು ಬಿಚ್ಚಿದರು. ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಚಿ, ಸುತ್ತಲೂ ನೋಡಿ, “ನಾನೇನು ಮಾಡಲಿ?” ಎಂದರು.

ನಾದಿನಿ ಅವರನ್ನು ತಲೆಯಿಂದ ಪಾದದವರೆಗೆ ಒಮ್ಮೆ ಪರೀಕ್ಷಿಸಿದಳು.

“ಸದ್ಯಕ್ಕೆ ಕೆಲಸ ಖಾಲಿ ಇಲ್ಲ, ಯಜಮಾನ್ರೇ.”

ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ಯಜಮಾನರೂ ನಕ್ಕರು. ಆಮೇಲೆ ಕೋಟನ್ನು ಕಂಕುಳಲ್ಲಿ ಇರುಕಿಕೊಂಡು ಗೇಟಿನವರೆಗೆ ನಡೆದುಹೋಗಿ, ತಮ್ಮ ಮನೆಯ ಲಾಟೀನಿಗೂ ಒಂದು ಗಾಜು ಬರೆಸಲು ಸಾಲಿನ ಕೊನೆಯಲ್ಲಿ ನಿಂತರು.