ಬೋಳು ನೆಲಕ್ಕೆ ಜೇನಿನ ಕಾವಲು

ಸಂಜೆಯಾಗುತ್ತಲೇ ವಾಕೆಶೊ ಎಂದಿನಂತೆ ವಾಕಿಟಾಕಿ ಎತ್ತಿಕೊಂಡಳು. ಆನೆಗಳಿಗೆ ಕಟ್ಟಿದ ಯಂತ್ರದ ಕೊರಳಪಟ್ಟಿ ಅವುಗಳ ಮಾತನ್ನು ಮನುಷ್ಯರಿಗೂ, ಮನುಷ್ಯರ ಮಾತನ್ನು ಅವಕ್ಕೂ ಮುಟ್ಟಿಸತೊಡಗಿದ ಮೇಲೆ, ಕೀನ್ಯಾದ ಆ ಹಳ್ಳಿಯ ಪರವಾಗಿ ಹಿಂಡಿನ ಮುದಿ ಆನೆಯೊಡನೆ ಚೌಕಾಸಿ ಮಾಡುವುದು ಅವಳ ಕೆಲಸವಾಗಿತ್ತು.

"ಇವತ್ತು ಹೊಳೆ ಕಡೆಯ ನಾಲ್ಕು ಸಾಲು ಮೆಕ್ಕೆಜೋಳ ತಗೊಳ್ಳಿ ಅಜ್ಜಿ. ಉಳಿದದ್ದು ಮುಟ್ಟಬೇಡಿ."

"ಆಗ್ಲಿ. ನಮ್ಮ ಮರಿ ಸಿಕ್ತಾ?"

ಮರಿ ಕಾಣೆಯಾದಾಗಿನಿಂದ ದಿನಾ ಅದೇ ಪ್ರಶ್ನೆ.

"ಇಲ್ಲ ಅಜ್ಜಿ, ಯಾರೂ ನೋಡಿಲ್ಲ."

ಮರಿ ಊರ ಬಾವಿಗೆ ಬಿದ್ದು ಸತ್ತಿತ್ತು. ಹೆದರಿದ ಊರಿನವರು ಬಾವಿಗೆ ಮಣ್ಣು ತುಂಬಿ ಸಮ ಮಾಡಿದ್ದರು. ಆನೆಗಳು ಜೇನಿಗೆ ಅಂಜುತ್ತವೆ. ಅವು ಅತ್ತ ಸುಳಿಯದಿರಲೆಂದು ಹೊಲ, ಮನೆಗಳ ಬೇಲಿಯಲ್ಲಿದ್ದ ಜೇನುಪೆಟ್ಟಿಗೆಗಳನ್ನೆಲ್ಲ ಕಿತ್ತು ತಂದು ಆ ಮುಚ್ಚಿದ ಬಾವಿಯ ಸುತ್ತ ತೂಗುಹಾಕಿದ್ದರು.

ವಾಕಿಟಾಕಿಯಲ್ಲಿ ಮುದಿ ಆನೆಯ ದನಿ ಮತ್ತೆ ಬಂತು.

"ನೀವು ಜೇನು ಕಟ್ಟೋದು ಬೆಳೆ ಕಾಯೋಕೆ. ಆ ಬೋಳು ನೆಲದಲ್ಲಿ ಏನು ಬೆಳೆದಿದೆ, ಮಗಳೇ?"

ವಾಕೆಶೊ ಕಿಟಕಿಯಾಚೆ ನೋಡಿದಳು. ಮನೆಗಳ ಸುತ್ತ ಒಂದು ಪೆಟ್ಟಿಗೆಯೂ ಉಳಿದಿರಲಿಲ್ಲ.

"ಜೋಳ ಬೇಡ," ಎಂದಿತು ದನಿ, ಮೆಲ್ಲಗೆ. "ನಿನ್ನ ಮಗು ಯಾವ ಮನೇಲಿ ಮಲಗುತ್ತೆ, ಅದನ್ನ ಹೇಳು."