ಒಂದು ಪಾಯಿಂಟ್ ಸೊನ್ನೆ ಏಳು

ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಸತು-ತಾಮ್ರದ ಕೋಶಕ್ಕೆ ಉಳಿದವರೆಲ್ಲ 1.10 ವೋಲ್ಟ್ ಎಂದು ಬರೆದಿದ್ದರು. ಆದರೆ ಭೀಮಾಂಬಿಕೆಯ ಮೀಟರು 1.07ಕ್ಕೆ ಹಟ ಹಿಡಿದು ನಿಂತಿತ್ತು.

"ತಂಗಿ, ಪುಸ್ತಕದಾಗ ಇದ್ದದ್ದು ಬರದು ಪಾಸಾಗಿ ಹೋಗವಾ," ಅಟೆಂಡರ್ ಫಕ್ಕೀರಪ್ಪ ಮೆಲ್ಲಗೆ ಅಂದ. "ಮೀಟರಿನ ಮಾತು ಕೇಳಿದ್ರ ಮುಂದಿನ ವರ್ಷನೂ ಇಲ್ಲೇ ಬರ್ತಿ."

"ಅದು ತೋರಿಸಿದ್ದನ್ನ ಬರೀತೀನ್ರಿ ಕಾಕಾ," ಎಂದು ಅವಳು 1.07 ಎಂದೇ ಬರೆದಳು.

ಪರೀಕ್ಷಕಿ ಹಾಳೆ ನೋಡಿ ಹುಬ್ಬೇರಿಸಿದರು. "ಎರಡೂ ದ್ರಾವಣದ ಸಾಂದ್ರತೆ ಒಂದೇ. ಸತುವಿನ ಸಾಂದ್ರತೇನ ತಾಮ್ರದ್ದರಿಂದ ಭಾಗಿಸಿದ್ರ ಕ್ರಿಯಾ ಭಾಗಲಬ್ಧ ಒಂದು ಬಂದು, ಮೀಟರು 1.10 ತೋರಿಸಬೇಕಲ್ಲ?"

"ನನ್ನ ರೀಡಿಂಗ್ ಹಿಡಿದು ಲೆಕ್ಕ ಹಾಕಿದ್ರ ಹತ್ತು ಬರತೈತ್ರಿ ಮೇಡಂ. ತಾಮ್ರದ ದ್ರಾವಣ ಹತ್ತು ಪಟ್ಟು ತೆಳುವಾಗಿರಬೇಕ್ರಿ."

"ಭಾಳ ಶಾಣ್ಯಾಕಿ! ಹಂಗಾದ್ರ ಉಳಿದ ಹತ್ತೊಂಬತ್ತು ಮಂದಿ ಸುಳ್ಳು ಬರದಾರೇನು?" ಪರೀಕ್ಷಕಿ ಸೊನ್ನೆ ಹಾಕಲು ಕೆಂಪು ಪೆನ್ನು ತೆರೆದರು.

ಫಕ್ಕೀರಪ್ಪ ತಲೆ ಕೆರೆದುಕೊಳ್ಳುತ್ತ ಮುಂದೆ ಬಂದ.

"ಸ್ವಲ್ಪ ತಡೀರಿ ಮೇಡಂ. ಮುಂಜಾನೆ ತಾಮ್ರದ ದ್ರಾವಣದ ಬಾಟ್ಲಿ ಉರುಳಿ ಬಿತ್ರಿ. ಉಳಿದಿದ್ದಕ್ಕ ಒಂಬತ್ತು ಪಾಲು ನೀರು ಬೆರೆಸಿ, ಇಪ್ಪತ್ತೂ ಮಂದಿಗೆ ನಾನೇ ಹಂಚೀನ್ರಿ."